ಎದ್ದುಹೋದ ತಬಲಾದವನು

ಹೊಸಪೇಟೆಯ ವೈಂಡಿಂಗ್ ಕೊಟ್ರಬಸಪ್ಪನ ಮುತ್ತಜ್ಜ ಕಂಪ್ಲಿಯ ದೊಡ್ಡ ಸಿದ್ದಪ್ಪ. ಹೊಳೆ ತುಂಬಿ ಕಾಲುವೆಯ ಏರಿ ಬಿರುಕು ಬಿಟ್ಟ ವರ್ಷ ಊರವರೆಲ್ಲ ದೇವರ ಮೇಲೆ ಭಾರ ಹಾಕಿ ಕೂತಿದ್ದರಂತೆ. ಈತ ತನ್ನ ಮನೆಯ ತೇಗದ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಹೋಗಿ ಬಿರುಕಿಗೆ ಅಡ್ಡ ನಿಲ್ಲಿಸಿ, ಹಿಂದೆ ಮಣ್ಣು ತುಂಬಿಸಿ, ನೂರಾರು ಎಕರೆ ಭತ್ತ ಉಳಿಸಿದ. ಆ ವರ್ಷವೆಲ್ಲ ಅವನ ಮನೆಗೆ ಬಾಗಿಲಿರಲಿಲ್ಲ. ಕಳ್ಳರು ಕೂಡ ಮರ್ಯಾದೆ ಕೊಟ್ಟು ಆ ಕಡೆ ಸುಳಿಯಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಅವನ ಮಗ ಹಾಲಪ್ಪ. ಅಕ್ಕಿ ಗಿರಣಿಗೆ ಎಣ್ಣೆ ಎಂಜಿನ್ ಬಂದಾಗ ಅದರ ಜೊತೆ ಬಂದಿದ್ದ ಮೇಸ್ತ್ರಿ ಜ್ವರ ಹಿಡಿದು ವಾಪಸು ಹೋದ. ಹಾಲಪ್ಪ ಮೂರು ದಿನ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದ. ನಾಲ್ಕನೇ ದಿನ ಚಾಲೂ ಮಾಡಿದ. ಬಲಗೈಯ ಕಿರುಬೆರಳು ಎಂಜಿನ್ನಿನ ಪಟ್ಟಾಕ್ಕೆ ಸಿಕ್ಕಿ ಹೋಯಿತು, ವಿದ್ಯೆ ಉಳಿಯಿತು.

ಹಾಲಪ್ಪನ ಮಗ ಚನ್ನವೀರಪ್ಪ ಡ್ಯಾಮು ಕಟ್ಟುವಾಗ ತಂತಿ ಎಳೆಯುವ ಕೆಲಸಕ್ಕೆ ಸೇರಿ ಹೊಸಪೇಟೆಗೆ ಬಂದ. ಸುಟ್ಟ ಮೋಟಾರಿಗೆ ಮತ್ತೆ ತಾಮ್ರದ ತಂತಿ ಸುತ್ತುವುದನ್ನು ನೋಡಿ ನೋಡಿಯೇ ಕಲಿತ. ಸುತ್ತುಗಳ ಲೆಕ್ಕ ತಪ್ಪಬಾರದೆಂದು ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಹತ್ತು ಸುತ್ತಿಗೆ ಒಂದು ಹುಣಿಸೆ ಬೀಜ ಎತ್ತಿಡಿಸುತ್ತಿದ್ದ. ಈ ಮೂವರಲ್ಲಿ ಒಬ್ಬರೂ ನಾಲ್ಕನೇ ಕ್ಲಾಸು ದಾಟಲಿಲ್ಲ. ಪುಸ್ತಕ ಓದಿದ ತಲೆಗಿಂತ ಕಬ್ಬಿಣ ಓದಿದ ಕೈ ದೊಡ್ಡದೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಕೊಟ್ರಬಸಪ್ಪ ಚನ್ನವೀರಪ್ಪನ ಒಬ್ಬನೇ ಮಗ. ಸ್ಟೇಷನ್ ರಸ್ತೆಯ ಒಳಸಂದಿಯಲ್ಲಿ ಅಪ್ಪನ ವೈಂಡಿಂಗ್ ಅಂಗಡಿಯನ್ನೇ ನಡೆಸಿಕೊಂಡು ಬಂದ. ಅವನ ಬದುಕಿನಲ್ಲಿ ಹೇಳುವಂಥ ಆಸ್ತಿ ಒಂದೇ. ಅದು ಹೊಲವಲ್ಲ, ಸೈಟಲ್ಲ, ಒಂದು ಆಂಪ್ಲಿಫೈಯರ್.

ಅದನ್ನು ಅವನು ಮೊದಲು ಕಂಡದ್ದು ಎಪ್ಪತ್ತೊಂಬತ್ತರಲ್ಲಿ. ಸಂಡೂರು ಕಡೆಯ ಒಂದು ಗಣಿಯಲ್ಲಿ ಪಂಪಿನ ಮೋಟಾರು ಸುಟ್ಟಿತೆಂದು ಕರೆಸಿದ್ದರು. ಅಲ್ಲಿದ್ದ ಬಿಳಿಯ ಎಂಜಿನಿಯರ್ ಕೆಲಸ ಮುಗಿದ ಮೇಲೆ ಇವನನ್ನು ತನ್ನ ಬಂಗಲೆಗೆ ಕರೆದೊಯ್ದು ಸತ್ತುಬಿದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ತೋರಿಸಿದ. ಮೇಲೆ ಬಲ್ಬಿನಂತೆ ಕಾದು ದನಿ ದೊಡ್ಡದು ಮಾಡುವ ಗಾಜಿನ ವಾಲ್ವುಗಳು, ಹಿಂದೆ ಇಟ್ಟಿಗೆಯಷ್ಟು ದಪ್ಪದ ಮೂರು ಟ್ರಾನ್ಸ್‌ಫಾರ್ಮರು. ಅದರಲ್ಲೊಂದು ಸುಟ್ಟಿತ್ತು. ಕೊಟ್ರಬಸಪ್ಪ ಅದನ್ನು ಬಿಚ್ಚಿ, ಹಳೆಯ ಸುತ್ತುಗಳನ್ನು ಎಣಿಸುತ್ತ ತೆಗೆದು, ಅಷ್ಟೇ ಸುತ್ತು ಹೊಸ ತಂತಿ ಹಾಕಿ ಕೊಟ್ಟ. ಆ ಸಂಜೆ ಆ ಪೆಟ್ಟಿಗೆ ಹಾಡಿದ್ದನ್ನು ಕೇಳಿ ಬಂಗಲೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಕೊನೆಯ ಬಸ್ಸು ಹೋದದ್ದು ಗೊತ್ತಾಗಲಿಲ್ಲ. ಮರುವರ್ಷ ಎಂಜಿನಿಯರ್ ತನ್ನ ದೇಶಕ್ಕೆ ಹೊರಟಾಗ ಅದನ್ನು ಇವನಿಗೇ ಬಿಟ್ಟು ಹೋದ. ಮೂವತ್ತು ಕೇಜಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್, "ಕೂಸಿಗೆ ಅರ್ಧ ಟಿಕೆಟ್ ಆಗ್ತತ್ರೀ ಯಜಮಾನ್ರ" ಅಂದನಂತೆ. ಇವನು ತೆಗೆದುಕೊಂಡ.

ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಅದಕ್ಕೊಂದು ಕಲ್ಲುಬಂಡೆಯ ಕಟ್ಟೆ ಮಾಡಿದ. ಎಡಕ್ಕೆ ಕಿಟಕಿಯ ಬಳಿಗೊಂದು, ಬಲಕ್ಕೆ ಬಾಗಿಲ ಬಳಿಗೊಂದು ಸ್ಪೀಕರಿನ ಪೆಟ್ಟಿಗೆಗಳನ್ನು ಹಳೆಯ ತೊಲೆಗಳ ಮರದಿಂದ ತಾನೇ ಮಾಡಿದ. ರೆಕಾರ್ಡ್ ತಿರುಗಿಸುವ ಪ್ಲೇಯರನ್ನು ಬಳ್ಳಾರಿಯಲ್ಲಿ ಹುಡುಕಿ ತಂದ. ಹೆಂಡತಿ ಸಂಗಮ್ಮ ಮೊದಲ ತಿಂಗಳು ಆ ಕೋಣೆಗೆ ಕಾಲಿಡಲಿಲ್ಲ. "ಸಂಸಾರಕ್ಕ ಒಂದು ಕಪಾಟಿಲ್ಲ, ಇವರಿಗೆ ಹಾಡೋ ಕಬ್ಬಿಣ" ಎಂದು ರೊಟ್ಟಿ ಬಡಿಯುತ್ತ ಗೊಣಗಿದಳು. ಒಂದು ಸಂಜೆ ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಬಾಗಿಲಲ್ಲಿ ನಿಂತವಳು ಕೇಳಿದಳು:

"ಅಲ್ರೀ, ತಬಲಾ ಬಾರಿಸಾತ ಈ ಕಡೆ ಕುಂತಾನೇನು, ಕಿಟಕಿ ಬಲ್ಲಿ?"

"ಹೌದು. ಸಾರಂಗಿಯಾತ ಆ ಕಡೆ, ಬಾಗಿಲ ಬಲ್ಲಿ."

"ಹಾಡಾಕಿ ನಡುವ?"

"ನಡುವ."

"ಹಂಗಾದ್ರ ನಾ ಎಲ್ಲಿ ಕುಂದರ್ಲಿ?"

ಅವಳಿಗೆ ನಡುವೆ ಎದುರಿಗೆ ಒಂದು ಮಣೆ ಹಾಕಿದ. ಅಂದಿನಿಂದ ದೀಪ ಹಚ್ಚಿದ ಮೇಲೆ ಒಂದು ತಾಸು ಇಬ್ಬರೂ ಅಲ್ಲಿ ಕೂರುವುದು ನಡೆದುಬಂತು. ಸಂಗಮ್ಮ ಕೇಳುತ್ತ ಕಾಳು ಬಿಡಿಸುತ್ತಿದ್ದಳು, ಹೂ ಕಟ್ಟುತ್ತಿದ್ದಳು. ತಬಲಾದವನು ಅವಳ ಕಡೆಯವನಾದ. ಅವನು ಚೆನ್ನಾಗಿ ಬಾರಿಸಿದ ಕಡೆ ಕಿಟಕಿಯತ್ತ ತಿರುಗಿ ತಲೆದೂಗುವಳು, ಅಲ್ಲಿ ನಿಜವಾಗಿ ಒಬ್ಬ ಕೂತಿರುವಂತೆ. ಇಪ್ಪತ್ತೈದು ವರ್ಷದಲ್ಲಿ ಈ ತಾಸು ತಪ್ಪಿದ್ದು ಮಗಳ ಮದುವೆಯಲ್ಲಿ, ಆಮೇಲೆ ಒಮ್ಮೆ ಅವನಿಗೆ ಕಾಮಾಲೆ ಆದಾಗ.

ಅಷ್ಟರಲ್ಲಿ ಊರು ಬದಲಾಗಿತ್ತು. ಅದಿರಿನ ಲಾರಿಗಳು ಸಾಲುಗಟ್ಟಿದವು. ಒಗೆದು ಹಾಕಿದ ಬಿಳಿ ಧೋತರ ಒಣಗುವುದರೊಳಗೆ ಕಾವಿಯಾಗುತ್ತಿತ್ತು. ಕಣ್ಣೆದುರಿಗೇ ಜನ ಹಮಾಲಿಯಿಂದ ಮಾಲೀಕರಾದರು. ಕೊಟ್ರಬಸಪ್ಪನಿಗೂ ಕೆಲಸ ಹೆಚ್ಚಿತು, ಧೂಳು ತಿಂದ ಮೋಟಾರು ಬೇಗ ಸುಡುತ್ತದೆ. ಸಂಗಮ್ಮ ಆಂಪ್ಲಿಫೈಯರಿಗೆ ತನ್ನ ಹಳೆಯ ಇಳಕಲ್ ಸೀರೆ ಹರಿದು ಮುಸುಕು ಹೊಲಿದಳು. ದಿನಾ ಬೆಳಿಗ್ಗೆ ಕೆಂಪು ಧೂಳು ಕೊಡವಿ ಅದಕ್ಕೆ ಹೊದಿಸುವಳು.

ಎರಡು ಸಾವಿರದ ಐದರ ಆಯುಧಪೂಜೆಯಲ್ಲಿ ಆ ತಪ್ಪು ಆಯಿತು.

ವೈಂಡಿಂಗ್ ಮನೆತನದಲ್ಲಿ ಚನ್ನವೀರಪ್ಪ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ನಿಂತ ಯಂತ್ರಕ್ಕೆ ಪೂಜೆ ಮಾಡಬಾರದು, ಅದು ಉಸಿರಾಡುತ್ತಿರುವಾಗಲೇ ಮಾಡಬೇಕು. ಅಂಗಡಿಯಲ್ಲಿ ಮೋಟಾರು ತಿರುಗಿಸಿಟ್ಟು ಆರತಿ ಎತ್ತಿ, ಮನೆಗೆ ಬಂದು ಕೊಟ್ರಬಸಪ್ಪ ಆಂಪ್ಲಿಫೈಯರನ್ನೂ ಚಾಲೂ ಮಾಡಿ ಶಹನಾಯಿ ಹಚ್ಚಿದ. ಪ್ರತಿ ವರ್ಷ ತಾನೇ ವಿಭೂತಿ ಹಚ್ಚಿ ಮುಗಿಸುತ್ತಿದ್ದವನು ಆ ವರ್ಷ ಕಾಯಿ ಒಡೆಯಲು ಹೊರಗೆ ಹೋಗಿದ್ದ. ಸಂಗಮ್ಮ ಮಾವಿನೆಲೆಯನ್ನು ತೀರ್ಥದ ಬಟ್ಟಲಲ್ಲಿ ಅದ್ದಿ, ಸುತ್ತ ಪ್ರೋಕ್ಷಣೆ ಮಾಡಿದಳು. ಒಂದು ತಾಸಿನಿಂದ ಕಾದಿದ್ದ ವಾಲ್ವಿನ ಮೇಲೆ ಹನಿ ಬಿತ್ತು. ಟಿಕ್ ಎಂದು ಬಿಸಿ ಗಾಜು ಸೀಳಿತು. ಗಾಜಿನ ನೆತ್ತಿಯೊಳಗೆ ಕನ್ನಡಿಯಂತಿದ್ದ ಹೊಳಪು ಅವಳು ನೋಡುತ್ತಿದ್ದಂತೆಯೇ ಹಾಲಿನ ಬಣ್ಣಕ್ಕೆ ತಿರುಗಿತು. ಕಿಟಕಿಯ ಕಡೆಯ ಪೆಟ್ಟಿಗೆ ಸುಮ್ಮನಾಯಿತು.

ಕೊಟ್ರಬಸಪ್ಪ ಒಳಗೆ ಬಂದು ನೋಡಿದ. ಸ್ವಿಚ್ ಆರಿಸಿದ.

"ನೀರು ಹಾಕಿದ್ದು ನಾನು" ಎಂದಳು ಸಂಗಮ್ಮ.

"ಬಿಸಿ ಮಾಡಿಟ್ಟಿದ್ದು ನಾನು."

"ನೀವು ಬಿಸಿ ಮಾಡ್ರಿ, ಬೆಂಕಿ ಹಚ್ರಿ. ಕೈ ನಂದು."

"ಪದ್ಧತಿ ನಮ್ಮಪ್ಪಂದು. ಹಂಗಾದ್ರ ಆತನ್ನ ಕರಸ್ಲೇನು?"

ಅವಳು ನಗಲಿಲ್ಲ. ಸಂಜೆ ಅವನು ಬಲಗಡೆಯ ಪೆಟ್ಟಿಗೆಯೊಂದರಲ್ಲೇ ರೆಕಾರ್ಡ್ ಹಾಕಿ ಕರೆದರೆ ಅಡುಗೆಮನೆಯಿಂದಲೇ ಉತ್ತರ ಬಂತು. "ಸಾರಂಗಿಯಾತ ಒಬ್ಬನ ಕುಯ್‌ಗುಡತಾನ. ತಬಲಾದಾತ ಎದ್ದು ಹೋಗ್ಯಾನ. ಅವನ್ನ ಕರಕೊಂಬರ್ರಿ, ಆಮ್ಯಾಲೆ ನನ್ನ ಕರೀರಿ."

ಹಾಗೆ ಮಣೆ ಖಾಲಿಯಾಯಿತು. ಕೊಟ್ರಬಸಪ್ಪನಿಗೆ ಒಂದು ಪೆಟ್ಟಿಗೆ ಸುಮ್ಮನಿದ್ದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಜಗಳವಾಗಿದ್ದರೆ ಎರಡು ದಿನದಲ್ಲಿ ಮುಗಿಯುತ್ತದೆ. ಇವಳು ನಗುನಗುತ್ತಲೇ ಊಟಕ್ಕೆ ಬಡಿಸುವಳು, ದೀಪ ಹಚ್ಚಿದ ಮೇಲೆ ಮಾತ್ರ ಪಕ್ಕದ ಮನೆಯ ನಿಂಗಕ್ಕನ ಕಟ್ಟೆಗೆ ಹೋಗಿ ಕೂರುವಳು. ಇದು ರೂಢಿಯಾಗಿಬಿಟ್ಟರೆ ಮತ್ತೆ ಆ ತಾಸು ಮನೆಗೆ ಬರುವುದಿಲ್ಲ ಎಂಬ ಹೆದರಿಕೆ ಅವನಿಗೆ ಹತ್ತಿತು.

ಮಾಳಿಗೆಯ ಮೇಲೆ ಬಾಡಿಗೆಗಿದ್ದ ಅಭಯ ಒಳ್ಳೆಯ ಹುಡುಗ, ಗಣಿ ಕಂಪನಿಯಲ್ಲಿ ಎಂಜಿನಿಯರ್, ನಮ್ಮ ಸೀಮೆಯವನೇ. "ಕಾಕಾ, ಹೊರದೇಶದಾಗ ಈ ವಾಲ್ವ್ ಇನ್ನೂ ಮಾಡ್ತಾರ. ಕಂಪ್ಯೂಟರಿನಾಗ ಆರ್ಡರ್ ಹಾಕ್ಲೇನು?" ಎಂದ.

"ತಡೀಯಪ್ಪ. ಮೊದ್ಲು ನಮ್ಮ ಸೀಮ್ಯಾಗ ಹುಡುಕ್ತೀನಿ."

ಬಳ್ಳಾರಿಯ ರೇಡಿಯೋ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾಗಿದ್ದವು. ವಾಲ್ವ್ ಎಂದರೆ ಒಬ್ಬ ಲಾರಿ ಎಂಜಿನ್ನಿನ ವಾಲ್ವ್ ತೆಗೆದುಕೊಟ್ಟ. ಕೊನೆಗೆ ಕೊಟ್ರಬಸಪ್ಪನಿಗೆ ಹೊಳೆದದ್ದು ಸಿನಿಮಾ ಟಾಕೀಸು. ಹಿಂದೆ ಪರದೆಯ ಹಿಂದಿನ ದನಿಗೂ ಇಂಥವೇ ವಾಲ್ವುಗಳಿದ್ದವು. ಕಂಪ್ಲಿಯಲ್ಲಿ ಮುಚ್ಚಿಹೋದ ಟಾಕೀಸೊಂದು ಭತ್ತದ ಗೋದಾಮಾಗಿತ್ತು. ಅದರ ಹಳೆಯ ಆಪರೇಟರ್ ಪುರಂದರ ಅಲ್ಲೇ ಕಾವಲಿದ್ದ. ಕೊಟ್ರಬಸಪ್ಪ ಮರುದಿನವೇ ಬಸ್ಸು ಹತ್ತಿದ.

ಪುರಂದರ ಸುಟ್ಟು ನಿಂತ ಟೇಬಲ್ ಫ್ಯಾನಿನ ಮುಂದೆ ಬೀಸಣಿಗೆ ಹಿಡಿದು ಕೂತಿದ್ದ. ಬಂದ ಕಾರಣ ಕೇಳಿ, ಒಳಗಿಂದ ತಗಡಿನ ಡಬ್ಬಿ ತಂದ. ಭತ್ತದ ಹೊಟ್ಟು ತುಂಬಿದ ಡಬ್ಬಿಗೆ ಕೈ ಹಾಕಿ, ಕೋಳಿ ಬುಟ್ಟಿಯಿಂದ ಮೊಟ್ಟೆ ತೆಗೆಯುವಂತೆ ಒಂದು ವಾಲ್ವ್ ತೆಗೆದ. ಒಮ್ಮೆಯೂ ಬಳಸಿರದ ಹೊಸದು.

"ಒಂದಾ ಐತಿ. ಟಾಕೀಸು ಚಾಲೂ ಆದ್ರ ಬೇಕಾಗ್ತತಿ ಅಂತ ಇಟ್ಟಿದ್ದೆ."

"ಚಾಲೂ ಆಗ್ತತೇನ್ರಿ ಟಾಕೀಸು?"

"ಹುಚ್ಚಪ್ಪಾ, ಈಗ ಇಲಿ ನೋಡ್ತಾವು ಸಿನಿಮಾ" ಎಂದು ಪುರಂದರ ನಕ್ಕ. "ರೊಕ್ಕ ಬ್ಯಾಡ. ಈ ಫ್ಯಾನು ತಿರುಗಂಗ ಮಾಡು, ತಗಂಡು ಹೋಗು."

ಕೊಟ್ರಬಸಪ್ಪ ಫ್ಯಾನ್ ಹೊತ್ತು ತಂದು, ಮೂರು ದಿನದಲ್ಲಿ ತಂತಿ ಸುತ್ತಿ, ಮತ್ತೆ ಕಂಪ್ಲಿಗೆ ಹೋಗಿ ಕೊಟ್ಟು, ಹೊಟ್ಟು ತುಂಬಿದ ಪೊಟ್ಟಣದಲ್ಲಿ ವಾಲ್ವ್ ತಂದ. ಸಂಜೆ ಅದನ್ನು ಎಡಗಡೆಯ ಜಾಗಕ್ಕೆ ಕೂರಿಸಿ ಸ್ವಿಚ್ ಹಾಕಿದ. ಕೆಂಡದ ಬಣ್ಣ ಬಂತು. ತಬಲಾ ಕೇಳಿಸಿತು. ಆದರೆ ಅದರ ಕೆಳಗೆ ಗುಂಯ್ ಎಂಬ ದನಿಯೂ ಸೇರಿಕೊಂಡಿತು, ಮುಚ್ಚಿದ ಗಡಿಗೆಯೊಳಗೆ ದುಂಬಿ ಸಿಕ್ಕಂತೆ. ತಂತಿ ನೋಡಿದ, ಬೆಸುಗೆ ನೋಡಿದ, ಅರ್ಥಿಂಗ್ ನೋಡಿದ. ಎರಡು ದಿನ ಅದೇ ಗುಂಯ್. ಅಭಯ ಬಂದು ಕೇಳಿ, "ವಾಲ್ವ್ ಕೆಟ್ಟಿರಬೇಕು ಕಾಕಾ" ಎಂದ. ಹೊಚ್ಚ ಹೊಸ ವಾಲ್ವು, ಕೆಟ್ಟಿರಲಿಲ್ಲ.

ಮೂರನೆಯ ಸಂಜೆ ಸಂಗಮ್ಮ ನಿಂಗಕ್ಕನ ಮನೆಗೆ ಹೊರಟವಳು ಹೊಸ್ತಿಲಿನಾಚೆ ನಿಂತಳು. ಕೋಣೆಯೊಳಗೆ ಬರಲಿಲ್ಲ.

"ಎಷ್ಟು ವಾಲ್ವ್ ರೀ ಅದಕ್ಕ?"

"ದೊಡ್ಡವು ನಾಕು. ಎಡಕ್ಕ ಎರಡು, ಬಲಕ್ಕ ಎರಡು. ಒಂದು ತಳ್ಳತೈತಿ, ಒಂದು ಎಳೀತೈತಿ."

"ಹೊಸಾದು ಒಂದ ತಂದ್ರಿ."

"ಒಂದ ಸಿಕ್ತು."

"ಅದರ ಜೋಡಿ ಹಳೇದು ಹೂಡೀರಿ?"

"ಹೂಂ."

"ನಮ್ಮಪ್ಪನ ಮನ್ಯಾಗ ಹಿಂಗ ಮಾಡಿದ್ರ ಬಾಸುಂಡಿ ಏಳಂಗ ಬಡೀತಿದ್ರು" ಎಂದಳು ಸಂಗಮ್ಮ. ಅವಳ ತವರು ಕಂಪ್ಲಿಯ ಕಾಲುವೆ ಕೆಳಗಿನ ಒಕ್ಕಲು ಮನೆ. "ಹೊಸ ಹೋರಿಗೆ ಮುದಿ ಎತ್ತು ಹೂಡಿದ್ರ ನೊಗ ವಾಲಲಾರದ ಇರ್ತತೇನು? ಹೋರಿ ಎಳೀತತಿ, ಮುದೀದು ಮುಕ್ಕರೀತತಿ. ಅದರ ಮುಕ್ಕರಿಕಿ ನಿಮಗ ಕೇಳ್ತಿರೋದು."

ಕೊಟ್ರಬಸಪ್ಪ ಬಗ್ಗಿ ಎಡಗಡೆಯ ಎರಡೂ ವಾಲ್ವುಗಳನ್ನು ನೋಡಿದ.

"ಹೊಲದಾಗ ಎರಡು ಜೋಡಿ ಇದ್ರ ಏನ್ ಮಾಡ್ತಾರ? ನಾಕೂ ಬಿಚ್ಚಿ, ಗಟ್ಟಿ ಗಟ್ಟಿ ಒಂದು ಕಡೆ, ಸೋತವು ಒಂದು ಕಡೆ ಕಟ್ತಾರ. ಅಷ್ಟೂ ಗೊತ್ತಾಗಲಿಲ್ಲ ಅಂದ್ರ..." ಎಂದು ಸೆರಗು ಸರಿಮಾಡಿಕೊಂಡು ನಿಂಗಕ್ಕನ ಮನೆಗೆ ಹೋದಳು.

ಕೊಟ್ರಬಸಪ್ಪ ಮೀಟರು ತಂದ. ನಾಲ್ಕೂ ವಾಲ್ವುಗಳನ್ನು ಒಂದೊಂದಾಗಿ ಒಂದೇ ಜಾಗದಲ್ಲಿ ಕೂರಿಸಿ ಎಷ್ಟು ಕರೆಂಟು ಎಳೆಯುತ್ತದೆಂದು ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಹೊಸದು ಎಲ್ಲಕ್ಕಿಂತ ಗಟ್ಟಿ. ಬಲಗಡೆಯ ಎರಡರಲ್ಲಿ ಒಂದು ಅದಕ್ಕೆ ಹೆಚ್ಚುಕಡಿಮೆ ಸರಿಸಮ ನಿಂತಿತು. ಮಿಕ್ಕ ಎರಡೂ ಸೋತವು, ಆದರೆ ಒಂದೇ ಅಳತೆಗೆ ಸೋತಿದ್ದವು. ಇಪ್ಪತ್ತೈದು ವರ್ಷದಲ್ಲಿ ಬಲಗಡೆಯ ಜೋಡಿಯೂ ತಪ್ಪಿಹೋಗಿತ್ತು, ಅವನ ಕಿವಿ ಅದಕ್ಕೆ ಒಗ್ಗಿಬಿಟ್ಟಿತ್ತು. ಗಟ್ಟಿ ಎರಡನ್ನು ಎಡಕ್ಕೆ ಕೂರಿಸಿದ, ಸೋತ ಎರಡನ್ನು ಬಲಕ್ಕೆ. ಎರಡೂ ಕಡೆಯ ದನಿ ಸಮ ಬರುವಂತೆ ತಿರುಪು ತಿರುಗಿಸಿದ.

ಗುಂಯ್ ಎನ್ನುವುದು ನಿಂತುಹೋಯಿತು. ರೆಕಾರ್ಡ್ ಶುರುವಾಗುವ ಮೊದಲು ಕೋಣೆಯಲ್ಲಿ ಎಂಥ ನಿಶ್ಶಬ್ದ ಬಂತೆಂದರೆ, ಬೀದಿಯ ಲಾರಿಯೂ ದೂರ ಸರಿದಂತಾಯಿತು. ಆಮೇಲೆ ಕಿಟಕಿಯ ಬಳಿ ತಬಲಾದವನು ಕೈ ಆಡಿಸಿದ. ಕೊಟ್ರಬಸಪ್ಪ ಸಂಗಮ್ಮನನ್ನು ಕರೆಯಲಿಲ್ಲ. ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟ, ಅಷ್ಟೇ.

ನಿಂಗಕ್ಕನ ಕಟ್ಟೆಯಿಂದ ಅವಳು ಎದ್ದು ಬಂದಳು. ಬಂದು ಮಣೆ ಎಳೆದುಕೊಂಡು ಕೂತಳು. ಕಿಟಕಿಯತ್ತ ತಿರುಗಿ ತಲೆದೂಗಿದಳು. ಒಂದು ಹಾಡು ಮುಗಿದ ಮೇಲೆ ಅಂದಳು:

"ಸಾರಂಗಿಯಾತನೂ ಈಗ ಚಲೋ ನುಡಸ್ತಾನ. ಮೊದ್ಲು ಮೂಗಿನಾಗ ನುಡಸ್ತಿದ್ದ."

"ಮೊದ್ಲಿಂದ ಹೇಳಬಾರದೇನು ಅದನ್ನ?"

"ನೀವು ಕೇಳಿದ್ರೇನು?"

ಮಾರನೆಯ ಸಂಜೆ ಅಭಯನೂ ಬಂದು ಗೋಡೆಗೆ ಒರಗಿ ಕೂತು ಕೇಳಿದ. ಬಹಳ ಮೆಚ್ಚಿದ. ಗೋಡೆಯ ಮೇಲಿನ ಸೀಮೆಸುಣ್ಣದ ಬರಹ ನೋಡಿ ಹೇಳಿದ, "ಕಾಕಾ, ಈ ಸೋತ ಎರಡು ಇನ್ನು ಎಷ್ಟು ದಿನ ಬರ್ತಾವು? ನಾನು ಎಂಟು ಹೊಸಾವು ತರಸ್ತೀನಿ, ಅಳತಿ ನೋಡಿ ಜೋಡಿ ಮಾಡಿ ಕಳಸ್ತಾರ. ನನ್ನ ಕಡಿಂದ ಇರ್ಲಿ. ನೀವು ಮತ್ತ ಕಂಪ್ಲಿ, ಬಳ್ಳಾರಿ ಅಂತ ಅಲೆದಾಡೋದು ಬ್ಯಾಡ."

ಕೊಟ್ರಬಸಪ್ಪ ರೆಕಾರ್ಡಿನ ಮಗ್ಗುಲು ಬದಲಿಸಿ, ಮುಳ್ಳು ಇಳಿಸುವ ಮೊದಲು ಹೇಳಿದ:

"ನಿನ್ನ ಮನಸು ದೊಡ್ಡದು ತಮ್ಮಾ, ಆದ್ರ ಬ್ಯಾಡ. ಎಂಟು ವಾಲ್ವು ಕಪಾಟಿನಾಗ ಇಟ್ರ ನಾ ಕೇಳೋನಲ್ಲ, ಗೋದಾಮು ಕಾಯೋನಾಗ್ತೀನಿ. ಸೋತವು ಸೋತಾಗ ನೋಡೋಣಂತ. ಕಾಲು ಅದಾವು, ಬಸ್ಸು ಅದಾವು, ಜೋಡಿ ಹೂಡೋದು ಹೇಳಿಕೊಡಾಕ ಇಲ್ಲಿ ಒಬ್ಬಾಕಿ ಕುಂತಾಳ. ನೀ ಸುಮ್ನ ಈ ಕಡೆ ಸರದು ಕುಂದ್ರು, ಅಲ್ಲಿ ಕುಂತ್ರ ನಿನಗ ಸಾರಂಗಿ ಒಂದ ಕೇಳ್ತತಿ."