ಕತ್ತರಿ ಅಕ್ಕ ಕಳಿಸದ ಸಾಲುಗಳು

ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಮಾದರಿ ಬರೆಯುತ್ತಿದ್ದವಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಅಂಗಿಯ ಮೈಭಾಗ ಬರೆಯುವ ಕೆಲಸ ಅವಳದು. ಮೇಜಿನ ಆ ತುದಿಯಲ್ಲಿ ಕೂತು ಕಾಲರ್ ಬರೆಯುವವರು ಕಾಲರ್ ಮೇಷ್ಟ್ರು. ದಿನವಿಡೀ ಕಿತ್ತಾಟ, ಆದರೂ ಚಹಾ ಮಾತ್ರ ಒಂದನ್ನೇ ತರಿಸಿ ಅರ್ಧರ್ಧ. ಆಮೇಲೆ ಮಾಲೀಕರು ರಟ್ಟಿನ ಮಾದರಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಮೇಜನ್ನೂ ಮಾರಿ, ಮನೆಯಿಂದಲೇ ಕೆಲಸ ಮಾಡಿ ಎಂದುಬಿಟ್ಟರು. ಅಕ್ಕನ ಮನೆಯಲ್ಲಿ ಇದ್ದದ್ದು ಅವಳು ಮತ್ತು ಕಿರುಗುಟ್ಟುವ ಫ್ಯಾನು.

ಕಂಪ್ಯೂಟರ್ ಕಲಿಸಲು ಬಂದ ಮೇಲ್ವಿಚಾರಕಿ ಬಿಡಿಸಿಯೇ ಹೇಳಿದ್ದಳು. "ಅಕ್ಕಾ, ಏನೇ ಬದಲಾಯಿಸಿದ್ರೂ ಉಳಿಸಿ, ಯಾಕೆ ಅಂತ ಒಂದು ಸಾಲು ಬರೀರಿ. ಕೆಟ್ಟುಹೋದ್ರೆ ಹಳೇದಕ್ಕೆ ವಾಪಸ್ ಹೋಗ್ಬಹುದು. ಆ ಸಾಲು ಮೇಷ್ಟ್ರೂ ನೋಡ್ತಾರೆ."

ಮೇಷ್ಟ್ರು ನೋಡುತ್ತಾರೆ ಎಂದದ್ದೇ ಸರಿ, ಮುಂದೆ ಹೇಳಿದ್ದೊಂದೂ ಅಕ್ಕನ ಕಿವಿಗೆ ಬೀಳಲಿಲ್ಲ.

"ಕಂಕುಳು ಕಾಲಿಂಚು ಸಡಿಲಿಸಿದೆ. ನಿಮ್ಮ ಕೆಮ್ಮು ಹೇಗಿದೆ?" ಎಂದು ಬರೆದಳು. ಮರುದಿನ, "ಭುಜ ಇಳಿಸಿದೆ. ಮಾತಾಡೋಕೆ ಯಾರೂ ಇಲ್ಲ ಮೇಷ್ಟ್ರೇ, ಬೈಯೋಕಾದ್ರೂ ಒಂದು ಸಾಲು ಬರೀರಿ."

ಉತ್ತರ ಇಲ್ಲ. ಫೋನು ಮಾಡೋಣವೆಂದರೆ ಬಿಗುಮಾನ ಬಿಡಲಿಲ್ಲ. ಮೇಷ್ಟ್ರಿಗೆ ಕೊಬ್ಬು ಎಂದು ಬೈದಳು, ಫ್ಯಾನಿನ ಕೆಳಗೆ ಕೂತು ಅತ್ತಳು ಕೂಡ. ಕಡೆಗೆ ಬರೀ ಅಳತೆ ಬರೆದಿಡತೊಡಗಿದಳು.

ತಿಂಗಳ ಕೊನೆಗೆ ಮೇಲ್ವಿಚಾರಕಿ ಮನೆಗೇ ಬಂದಳು. "ಅಕ್ಕಾ, ನಿಮ್ಮದು ಒಂದು ಕೆಲಸಾನೂ ಬಂದಿಲ್ವಲ್ಲ?" ಪರದೆ ನೋಡಿದವಳೇ ತಲೆ ಚಚ್ಚಿಕೊಂಡಳು. "ಉಳಿಸಿದ್ದೀರಿ, ಕಳಿಸೇ ಇಲ್ಲ! ಮೇಷ್ಟ್ರದ್ದನ್ನ ತರಿಸ್ಕೊಂಡೂ ಇಲ್ಲ. ಎಲ್ಲಾ ನಿಮ್ಮ ಕಂಪ್ಯೂಟರಲ್ಲೇ ಕೂತಿದೆ."

ಅವಳು 'ತರಿಸು' ಗುಂಡಿ ಒತ್ತಿದಳು. ಮೇಷ್ಟ್ರ ಸಾಲುಗಳು ಒಂದರ ಕೆಳಗೊಂದು ಬಂದು ನಿಂತವು.

"ಕಾಲರ್ ತುದಿ ಚೂಪು ಮಾಡಿದೆ. ಅಕ್ಕಾ, ಊಟ ಆಯ್ತಾ?"

"ಪಟ್ಟಿ ಅಗಲ ಮಾಡಿದೆ. ಒಂದು ಚಹಾ ಪೂರ್ತಿ ಒಬ್ಬನೇ ಕುಡಿಯೋಕೆ ಆಗ್ತಿಲ್ಲ."

"ಅಕ್ಕನಿಗೆ ನನ್ನ ಮೇಲೆ ಕೋಪ ಅಂತ ಕಾಣುತ್ತೆ. ಇನ್ನು ಕೇಳಲ್ಲ."

ಅಲ್ಲಿಂದ ಮುಂದೆ ಅವರದೂ ಬರೀ ಅಳತೆ.

"ಕಳಿಸೋ ಮುಂಚೆ ನಿಮ್ಮ ಆ ಮನೆ ಮಾತೆಲ್ಲ ಅಳಿಸಿಬಿಡ್ಲಾ?" ಎಂದಳು ಮೇಲ್ವಿಚಾರಕಿ.

"ಮುಟ್ಟಿದ್ರೆ ನೋಡು!" ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿ, ಕಡೆಗೊಂದು ಸಾಲು ಸೇರಿಸಿದಳು. "ಕೋಪ ಇಲ್ಲ ಮೇಷ್ಟ್ರೇ, ನನಗೆ ಕಳಿಸೋಕೆ ಬರ್ತಿರಲಿಲ್ಲ." 'ಕಳಿಸು' ಗುಂಡಿಯನ್ನು ತಾನೇ ಒತ್ತಿದಳು.

ಇನ್ನು ಕೇಳಲ್ಲ ಎಂದ ಮನುಷ್ಯ ಓದುತ್ತಾರೋ ಇಲ್ಲವೋ. ಮೇಲ್ವಿಚಾರಕಿ ಹೋದ ಮೇಲೆ ಅಕ್ಕ ಚಹಾ ಮಾಡಿಕೊಂಡು ಅರ್ಧ ಕುಡಿದಳು. ಉಳಿದರ್ಧವನ್ನು ಆರಲು ಬಿಟ್ಟು, 'ತರಿಸು' ಒತ್ತಿದಳು. ಏನೂ ಬಂದಿರಲಿಲ್ಲ. ಮತ್ತೆ ಒತ್ತಿದಳು.