ಬಾಯಿ ತೆರೆಸಿ ನೋಡಿದವರು

ವಯಸ್ಸಾದವರ ಬಾಯಿಯ ಆರೋಗ್ಯಕ್ಕೂ ಅವರ ನೆನಪು, ಮಾತು, ಗ್ರಹಿಕೆಗಳಿಗೂ ಇರುವ ನಂಟನ್ನು ಕುರಿತು ಇಂದು ದೊಡ್ಡ ಸಮ್ಮೇಳನಗಳಲ್ಲಿ ಗೋಷ್ಠಿಗಳು ನಡೆಯುತ್ತವೆ. ದಂತವೈದ್ಯರೂ ನರರೋಗ ತಜ್ಞರೂ ಒಂದೇ ವೇದಿಕೆಯ ಮೇಲೆ ಕುಳಿತು ಒಬ್ಬರ ಮಾತಿಗೊಬ್ಬರು ತಲೆದೂಗುತ್ತಾರೆ. ಆದರೆ ಹಲ್ಲಿನವರು ಹಲ್ಲು ನೋಡಿಕೊಂಡಿರಲಿ, ತಲೆಯ ಉಸಾಬರಿ ಅವರಿಗೇಕೆ ಎನ್ನುವ ಮಾತು ಚಾಲ್ತಿಯಲ್ಲಿದ್ದ ಕಾಲದಲ್ಲೇ, ಯಾರೂ ಕರೆಯದಿದ್ದರೂ ನಮ್ಮ ಸರ್ಕಾರಿ ಆಸ್ಪತ್ರೆಯ ಮೂರು ಮಹಡಿ ಹತ್ತಿ ವೃದ್ಧರ ವಾರ್ಡಿಗೆ ಹೋಗುತ್ತಿದ್ದ ಒಬ್ಬ ದಂತವೈದ್ಯೆಯನ್ನು ನಾನು ಬಲ್ಲೆ. ಅವರ ಕೈಕೆಳಗೆ ಕಲಿತೆನೆಂಬುದು ನನ್ನ ಬದುಕಿನ ದೊಡ್ಡ ಹೆಮ್ಮೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಅಭಿನಂದನ ಗ್ರಂಥದ ಸಂಪಾದಕರು ನನಗೂ ಕೆಲವು ಪುಟಗಳನ್ನು ಬಿಟ್ಟುಕೊಟ್ಟಿದ್ದಾರೆ. ಹೊಗಳಿಕೆ ಕೇಳಿದರೆ ಮೇಡಂ ಅವರಿಗೆ ಮುಜುಗರವಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವರು ಸೇವೆಗೆ ಸೇರಿದಾಗ ದಂತ ವಿಭಾಗವೆಂದರೆ ನೆಲ ಅಂತಸ್ತಿನ ಕೊನೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿದ್ದ ಒಂದೇ ಒಂದು ಕೋಣೆ. ಪಕ್ಕದಿಂದ ಬರುವ ಬಿಸಿ ಹಬೆಗೆ ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿರುತ್ತಿತ್ತು. ಕುರ್ಚಿಯ ಪೆಡಲು ಒತ್ತಿದರೆ ರೋಗಿ ಮೇಲೇರುವ ಬದಲು ಒಮ್ಮೊಮ್ಮೆ ಕೆಳಗಿಳಿಯುತ್ತಿದ್ದರು. ಅಂಥ ಕೋಣೆಯಲ್ಲಿ ದಿನಕ್ಕೆ ನಲವತ್ತು ಜನರ ಬಾಯಿ ನೋಡಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಉಳಿದವರೆಲ್ಲ ಚಹಾಕ್ಕೆ ಹೊರಟರೆ ಇವರು ಕೋಟಿನ ಜೇಬಿಗೆ ಸಣ್ಣ ಟಾರ್ಚೊಂದನ್ನು ಇಳಿಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ವಾರ್ಡಿನ ದಾದಿಯರು ಅವರಿಗೆ ‘ಟಾರ್ಚ್ ಮೇಡಂ’ ಎಂದು ಹೆಸರಿಟ್ಟಿದ್ದರು. ಮೊದಲು ಅದರಲ್ಲಿ ಸ್ವಲ್ಪ ಕುಚೋದ್ಯವಿತ್ತು. ಬರಬರುತ್ತ ಅದೇ ಅಕ್ಕರೆಯ ಹೆಸರಾಯಿತು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ತರಬೇತಿಗೆಂದು ಅವರ ವಿಭಾಗಕ್ಕೆ ಬಂದೆ. ವೃದ್ಧರ ವಾರ್ಡಿಗೆ ದಾಖಲಾದ ಪ್ರತಿಯೊಬ್ಬರ ಬಾಯಿಯನ್ನೂ ಪರೀಕ್ಷಿಸಿ, ಕಂಡದ್ದನ್ನು ಅವರ ಹಾಳೆಯಲ್ಲಿ ಬರೆಯುವುದು ನನಗೆ ಒಪ್ಪಿಸಿದ ಕೆಲಸ. ಆ ಪದ್ಧತಿಯನ್ನು ಮೇಡಂ ಮೇಲಧಿಕಾರಿಗಳ ಬೆನ್ನುಬಿದ್ದು ಆಗಷ್ಟೇ ಜಾರಿಗೆ ತಂದಿದ್ದರು. ಅದರ ಬೆಲೆ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟ ಘಟನೆಯನ್ನು ಇಲ್ಲಿ ಹೇಳದಿದ್ದರೆ ಈ ಲೇಖನ ಬರೆಯುವ ಹಕ್ಕೇ ನನಗಿಲ್ಲ.

ಒಂದು ಸೋಮವಾರ ಎಂಬತ್ತರ ಸನಿಹದ ವೃದ್ಧರೊಬ್ಬರು ದಾಖಲಾದರು. ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದವರು. ಎರಡು ವರ್ಷಗಳಿಂದ ಮರೆವಿನ ಕಾಯಿಲೆ ಇತ್ತು. ಆದರೂ ಹಿಂದಿನ ತಿಂಗಳವರೆಗೆ ಪತ್ರಿಕೆ ಹಿಡಿದು ಕೂರುತ್ತಿದ್ದರು, ಮಗಳ ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಮಾತು ನಿಂತಿತ್ತು. ಚಮಚ ಹತ್ತಿರ ಬಂದರೆ ಕೈ ಬೀಸಿ ಹೊಡೆಯುತ್ತಿದ್ದರು. ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹಿರಿಯ ವೈದ್ಯರೊಬ್ಬರು ಮಗಳಿಗೆ ಹೇಳಿದ್ದರು. ಆಕೆ ದರ್ಜಿ, ಹೊಲಿಗೆಯ ಅಂಗಡಿಗೆ ಬೀಗ ಹಾಕಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ನಾನು ಹತ್ತಿರ ಹೋದಾಗ ಆ ಹಿರಿಯರು ನನ್ನ ಕೈಯನ್ನೂ ತಳ್ಳಿದರು. ಇನ್ನೂ ಹನ್ನೊಂದು ಜನ ಬಾಕಿ ಇದ್ದರು. ಹಾಳೆಯಲ್ಲಿ ‘ಬಾಯಿ: ಸಾಮಾನ್ಯ’ ಎಂದು ಬರೆದು ಸಹಿ ಹಾಕಿ ಮುಂದಿನ ಮಂಚಕ್ಕೆ ನಡೆದೆ.

ಗುರುವಾರ ಮೇಡಂ ವಾರ್ಡಿಗೆ ಬಂದರು. ಆ ಮಂಚದ ಹತ್ತಿರ, ಏನನ್ನೂ ಮುಟ್ಟದೆ, ಆ ಹಿರಿಯರ ಮುಖವನ್ನೇ ನೋಡುತ್ತಾ ಕಾಲು ಗಂಟೆ ಕುಳಿತರು. ಆಮೇಲೆ ಅವರ ಕೈಗೆ ಒಂದು ಒದ್ದೆ ಬಟ್ಟೆ ಕೊಟ್ಟು, ತಮ್ಮ ತುಟಿ ಒರೆಸಿಕೊಂಡು ತೋರಿಸಿದರು. ಅವರೂ ಒರೆಸಿಕೊಂಡರು. ಹೀಗೇ ಒಂದೊಂದೇ ಹೆಜ್ಜೆ ಮುಂದುವರಿದು, ಕೊನೆಗೆ ಆ ಬಾಯಿ ತಾನಾಗಿ ತೆರೆಯಿತು. ಒಳಗೆ ತಿಂಗಳುಗಟ್ಟಲೆ ತೆಗೆಯದ ಮೇಲ್ದವಡೆಯ ಕಟ್ಟಿಸಿದ ಹಲ್ಲಿನ ಸೆಟ್ಟು ಅಂಗುಳಕ್ಕೆ ಕಚ್ಚಿಕೊಂಡಿತ್ತು. ಅದರ ಅಡಿ ಹುಣ್ಣು. ಕೆಳಗೆ ಮುರಿದುಳಿದ ಎರಡು ಬೇರುಗಳ ಸುತ್ತ ಕೀವು. ಆ ನೋವಿನ ಮೇಲೆ ಯಾರಾದರೂ ಬಿಸಿ ಚಮಚ ಇಟ್ಟರೆ ಹೊಡೆಯದವರು ಯಾರು?

ಮೇಡಂ ಹಾಳೆ ತಿರುವಿ ನನ್ನ ಸಹಿ ನೋಡಿದರು. ಎಲ್ಲರೆದುರು ಅವರು ಏನೂ ಅನ್ನಲಿಲ್ಲ. ಹೊರಗೆ ಕಾರಿಡಾರಿನಲ್ಲಿ, ಗಾಲಿ ಮಂಚಗಳ ಸಾಲಿನ ಪಕ್ಕ ನಿಲ್ಲಿಸಿಕೊಂಡು ಕೇಳಿದರು.

“ಬಾಯಿ ತೆರೆಸಿ ನೋಡಿದ್ಯಾ?”

“ಇಲ್ಲ ಮೇಡಂ.”

“ಹಾಗಾದ್ರೆ ‘ನೋಡಲಾಗಲಿಲ್ಲ’ ಅಂತ ಬರೀಬೇಕಿತ್ತು. ಹಾಗೆ ಬರೆದಿದ್ರೆ ನಾನು ಅವತ್ತೇ ಬರ್ತಿದ್ದೆ. ಮೂರು ದಿನ ಹೆಚ್ಚಿಗೆ ನೋವು ತಿಂದಿದ್ದಾರೆ ಅವರು.”

ಹಾಳೆಯನ್ನು ತಿದ್ದಿ ಕೊಡುತ್ತೇನೆ ಎಂದೆ.

“ಅದನ್ನ ಅಳಿಸಬೇಡ. ಕೆಳಗೆ ಇವತ್ತಿನ ತಾರೀಕು ಹಾಕಿ ನಿಜ ಬರಿ. ಆಮೇಲೆ ಮಗಳಿಗೆ ಹೇಳ್ಬೇಕು. ನಾನೂ ಜೊತೆಗೆ ಬರ್ತೀನಿ. ಆದ್ರೆ ಮಾತು ನೀನೇ ಆಡು.”

ನಾನು ಆಡಿದೆ. ಬೈಗುಳ ನಿರೀಕ್ಷಿಸಿದ್ದೆ. ಆ ಮಗಳು ನನ್ನನ್ನು ಬೈಯಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೇಡಂ ಅವರ ಕಡೆ ತಿರುಗಿ, “ಹೋದ ವಾರ ಊಟ ಚೆಲ್ಲಿದ್ರು ಅಂತ ಅಪ್ಪನ ಕೈ ಹಿಡಿದು ಅದುಮಿ ತಿನ್ನಿಸಿಬಿಟ್ಟೆ ಡಾಕ್ಟ್ರೇ. ಅಷ್ಟು ನೋಯ್ತಿತ್ತಾ ಅವರಿಗೆ?” ಎಂದರು. ಮೇಡಂ ಆಕೆಯ ಪಕ್ಕದಲ್ಲೇ ಮಂಚದ ಅಂಚಿಗೆ ಕುಳಿತರು. “ನೋಯ್ತಿತ್ತು. ಆದ್ರೆ ನಿಮಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ನಾವು” ಎಂದರು. ‘ನಾವು’ ಎಂಬ ಆ ಒಂದು ಮಾತಿನಲ್ಲಿ ನನ್ನ ತಪ್ಪಿನ ಅರ್ಧವನ್ನು ಅವರು ತಮ್ಮ ಹೆಗಲಿಗೆ ತೆಗೆದುಕೊಂಡರು.

ಹಲ್ಲಿನ ಸೆಟ್ಟು ತೆಗೆದು, ಕೀವಿಗೆ ಔಷಧಿ ಕೊಟ್ಟು, ನಾಲ್ಕು ದಿನಗಳ ಮೇಲೆ ಬೇರುಗಳನ್ನು ಕಿತ್ತೆವು. ಹಿರಿಯರು ಮೊದಲು ತಣ್ಣನೆಯ ಗಂಜಿ ಕುಡಿದರು, ಆಮೇಲೆ ಮೆದುವಾದ ಬ್ರೆಡ್ಡು ತಿಂದರು. ಹತ್ತನೆಯ ದಿನ ಬೆಳಿಗ್ಗೆ ನಾನು ಹೋದಾಗ ಅವರು ದಿಂಬಿಗೊರಗಿ ವಾರ್ಡಿನ ಬಾಗಿಲ ಮೇಲಿನ ಹಲಗೆಯನ್ನು ದಿಟ್ಟಿಸುತ್ತಿದ್ದರು. “ಆ ಬೋರ್ಡು ಬರೆದೋರು ಯಾರು?” ಎಂದರು. ತಿಂಗಳ ಮೇಲೆ ಆಡಿದ ಮೊದಲ ಮಾತು. “‘ವೃದ್ದರ ವಿಭಾಗ’ ಅಂತಿದೆ. ಒತ್ತಕ್ಷರದ ಹೊಟ್ಟೆ ಸೀಳಿಲ್ಲ. ಇಷ್ಟು ದೊಡ್ಡ ಆಸ್ಪತ್ರೇಲಿ ಇಷ್ಟು ದೊಡ್ಡ ತಪ್ಪಾ?” ಮಗಳು ನಗುತ್ತಾ ಅಳುತ್ತಾ ಕಾರಿಡಾರಿಗೆ ಓಡಿದರು. ಆ ಬಾಗಿಲಡಿ ದಿನಕ್ಕೆ ನೂರು ಜನ ಓಡಾಡುತ್ತಿದ್ದೆವು. ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಅವರ ಮರೆವು ವಾಸಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ನೋವು, ಸೋಂಕು, ಹಸಿವು ಮೂರೂ ಸೇರಿ ಅದರ ಮೇಲೆ ಹೇರಿದ್ದ ಭಾರವಷ್ಟೇ ಇಳಿದಿತ್ತು. ಆದರೂ ಮಗಳ ಹೆಸರು ಅವರ ನಾಲಿಗೆಯ ಮೇಲೆ ಮತ್ತೆ ಎರಡು ವರ್ಷ ಉಳಿಯಿತು.

ಆ ವರ್ಷವೇ ಮೇಡಂ ವಾರ್ಡಿನ ದಾದಿಯರಿಗೆ ಪಾಠ ಆರಂಭಿಸಿದರು. ಕೈಯೆತ್ತಲಾಗದವರ ಹಲ್ಲು ಉಜ್ಜುವುದು ಹೇಗೆ, ಕಚ್ಚುವವರ ಬಾಯಿಯನ್ನು ಬಲವಂತವಿಲ್ಲದೆ ತೆರೆಸುವುದು ಹೇಗೆ, ಕಟ್ಟಿಸಿದ ಹಲ್ಲಿಗೆ ಹೆಸರಿನ ಚೀಟಿ ಏಕೆ ಬೇಕು. ಮುಖ್ಯ ದಾದಿ ಮೊದಲ ದಿನ, “ನಮಗೆ ಇರೋದು ಎರಡೇ ಕೈ ಮೇಡಂ” ಎಂದು ಮುಖ ಊದಿಸಿಕೊಂಡಿದ್ದರು. ಆಕೆಯೇ ಮುಂದೆ ಹೊಸಬರಿಗೆ ಪಾಠ ಹೇಳುವಷ್ಟು ಪಳಗಿದರು. ಇಂದು ನಮ್ಮ ಆಸ್ಪತ್ರೆಯಲ್ಲಿ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಊಟ ಬಿಟ್ಟರೆ, ಮಂಕಾದರೆ, ಸಿಡುಕಿದರೆ, ತಲೆಯ ಸ್ಕ್ಯಾನ್ ಮಾಡಿಸುವ ಮೊದಲು ಬಾಯಿ ನೋಡುತ್ತಾರೆ. ನರರೋಗ ವಿಭಾಗದವರೇ ಕೆಳಗಿನ ಕೋಣೆಗೆ ಫೋನು ಮಾಡುತ್ತಾರೆ. ಆ ಫೋನು ಮೊಳಗಿದಾಗಲೆಲ್ಲ ನನಗೆ ಎದೆಯುಬ್ಬುತ್ತದೆ.

ಹೆಸರು ಬಂದಂತೆ ಪತ್ರಕರ್ತರೂ ಬಂದರು. ಒಬ್ಬರು ಉತ್ಸಾಹದಿಂದ, “‘ಹಲ್ಲುಜ್ಜಿ, ಮರೆವು ಓಡಿಸಿ’ ಅಂತ ಹೆಡ್ಡಿಂಗ್ ಕೊಡ್ತೀನಿ” ಎಂದರು.

“ಕೊಡಬೇಡಿ,” ಎಂದರು ಮೇಡಂ. “ಮರೆವು ಬಂದಿರೋ ಅಪ್ಪನ್ನೋ ಅಮ್ಮನ್ನೋ ನೋಡ್ಕೊಳ್ತಿರೋರು ಅದನ್ನ ಓದಿ, ಎಲ್ಲಾ ತಮ್ಮಿಂದಲೇ ಆಯ್ತು ಅಂತ ಕೊರಗ್ತಾರೆ.”

“ಮತ್ತೆ ಏನಂತ ಬರೀಲಿ?”

“ವಸಡಿನ ಕಾಯಿಲೆ ಇರೋರಲ್ಲಿ ಮರೆವೂ ಹೆಚ್ಚು ಕಾಣ್ತಿದೆ. ಅದರಿಂದ ಇದು ಬಂತಾ, ಮರೆವು ಬಂದೋರಿಗೆ ಬಾಯಿ ನೋಡ್ಕೊಳ್ಳೋಕಾಗದೆ ಹಾಗಾಯ್ತಾ, ಇನ್ನೂ ಪೂರ್ತಿ ಗೊತ್ತಿಲ್ಲ. ನೋವು ಅಂತ ಹೇಳೋಕೆ ಬಾರದವರ ಬಾಯಿ ನಾವೇ ನೋಡ್ಬೇಕು ಅನ್ನೋದು ಮಾತ್ರ ಗೊತ್ತು. ಇಷ್ಟು ಬರೀರಿ.”

ಅಷ್ಟೇ ಅಚ್ಚಾಯಿತು, ಏಳನೆಯ ಪುಟದ ಮೂಲೆಯಲ್ಲಿ. ಮೇಡಂ ಅದರಿಂದ ಪರಮ ಸಂತುಷ್ಟರಾದರು.

ಕೆಲವು ವರ್ಷಗಳ ಮೇಲೆ ಅವರ ತಾಯಿಗೇ ಮರೆವು ಬಂತು. ಬದುಕಿಡೀ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಎಂಬತ್ತರಲ್ಲೂ ಇಪ್ಪತ್ತಾರು ಸ್ವಂತ ಹಲ್ಲುಗಳನ್ನು ಉಳಿಸಿಕೊಂಡಿದ್ದವರು. “ನಿಮ್ಮನೇಲೇ ನಿಮ್ಮ ವಾದ ಸೋತಿತಲ್ಲ” ಎಂದು ಸಹೋದ್ಯೋಗಿಯೊಬ್ಬರು ಚಹಾದ ಮೇಜಿನಲ್ಲಿ ನಕ್ಕರು. ಮೇಡಂ ಸಿಟ್ಟಾಗಲಿಲ್ಲ. “ಅಮ್ಮನಿಗೆ ನಾನು ಯಾರು ಅಂತ ಗೊತ್ತಾಗಲ್ಲ. ಆದ್ರೆ ಹಲ್ಲುನೋವಿಲ್ಲ, ಸೇಬು ಕಚ್ಚಿ ತಿಂತಾರೆ. ಅದು ಕಡಿಮೆನಾ?” ಎಂದಷ್ಟೇ ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಿದ್ದೆ. ಕಿಟಕಿಯ ಬಳಿ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಗಲ್ಲದ ಅಡಿ ಎಡಗೈ ಕೊಟ್ಟು ಮೇಡಂ ಆಕೆಯ ಹಲ್ಲು ಉಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿದ ಮೇಲೆ ತಾಯಿ ಕೇಳಿದರು: “ನೀನು ಯಾರಮ್ಮ? ಕೈ ಎಷ್ಟು ಮೆತ್ತಗಿದೆ.”

“ಹಲ್ಲಿನ ಡಾಕ್ಟ್ರು.”

“ನನ್ನ ಮಗಳೂ ಹಲ್ಲಿನ ಡಾಕ್ಟ್ರೇ.”

“ಹೌದಾ? ಹೇಗೆ ಅವಳು?”

ತಾಯಿ ಸ್ವಲ್ಪ ಹೊತ್ತು ಯೋಚಿಸಿದರು. “ಒಳ್ಳೆ ಕೆಲಸಗಾರ್ತಿ” ಎಂದರು. ಮೇಡಂ ತಾಯಿಯ ತುಟಿಯಂಚು ಒರೆಸಿ, ಬ್ರಷ್ಷನ್ನು ತೊಳೆಯಲು ಒಳಗೆ ಹೋದರು. ಹೊರಬರಲು ಕೊಂಚ ತಡವಾಯಿತು.

ಆ ತಾಯಿ ಈಗಿಲ್ಲ. ಗಣಿತದ ಟೀಚರ್ ಕೊಟ್ಟ ಆ ಅಂಕವನ್ನು ಮೀರುವ ಅಭಿನಂದನೆ ನಮ್ಮ ಯಾರ ಲೇಖನಿಯಿಂದಲೂ ಬಾರದು. ಮುಂದಿನ ತಿಂಗಳಿನಿಂದ ಮೇಡಂ ತಮ್ಮ ಮನೆಯ ಮುಂಭಾಗದಲ್ಲಿ, ಮನೆಗಳಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ತರಗತಿ ನಡೆಸಲಿದ್ದಾರೆ. ಅವರ ಆಯುಷ್ಯ ಹಿರಿದಾಗಲಿ, ಆರೋಗ್ಯ ಗಟ್ಟಿಯಾಗಿರಲಿ, ಆ ತರಗತಿ ತುಂಬಿರಲಿ. ಇದರಲ್ಲಿ ನಮ್ಮೆಲ್ಲರ ಸ್ವಾರ್ಥವೂ ಇದೆ. ನಾಳೆ ನಾವೂ ಮುದುಕರಾಗಿ, ನೋವು ಎಲ್ಲಿದೆಯೆಂದು ಹೇಳಲು ಮಾತು ಸಿಗದೆ ತುಟಿ ಬಿಗಿದು ಕುಳಿತಾಗ, ನಮ್ಮ ಗಲ್ಲ ಹಿಡಿಯುವ ಕೈ ಅವರು ಕಲಿಸಿದ ಕೈಯಾಗಿರಲಿ.