ಚೌಡತ್ತೆ ಮೂರು ಸಲ ನೋಡಿದ ಹಾಡು

ಹಾಡುವುದಕ್ಕೆ ಮುಂಚೆ ಉಸಿರೆಳೆದುಕೊಳ್ಳುವ ಸದ್ದು ಕೇಳಿದರೆ ಸಾಕು, ಇವತ್ತಿಗೂ ನಾನು ಕೂತಲ್ಲಿ ಕೂರಲಾರೆ. ಟಿ.ವಿ.ಯಲ್ಲಿ ಯಾವುದೋ ಮಗು ಸ್ಪರ್ಧೆಗೆ ನಿಂತಿರುತ್ತದೆ, ಮೈಕಿನಲ್ಲಿ ಆ ಸಣ್ಣ ಉಸಿರು ಕೇಳುತ್ತದೆ, ಮನೆಯವರೆಲ್ಲ ಹಾಡಿಗೆ ಕಾಯುತ್ತಿದ್ದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಆ ಸದ್ದಿನ ಹಿಂದೆ ಎಂಬತ್ತರ ದಶಕದ, ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಮನೆಯಿದೆ. ಮಗ್ಗದ ಗುಂಡಿ, ಒಲೆ, ಹಾಸಿಗೆ ಎಲ್ಲ ಒಂದೇ ಸೂರಿನಡಿ. ಗಂಜಿ ಹಾಕಿದ ನೂಲಿನ ಹುಳಿವಾಸನೆ ನಮ್ಮ ಅನ್ನಕ್ಕೂ ಹತ್ತಿರುತ್ತಿತ್ತು. ಹೊಸ್ತಿಲಾಚೆ ತಮಿಳು, ಒಳಗೆ ಕನ್ನಡ. ಆ ಕನ್ನಡವನ್ನು ಓದಬಲ್ಲವರು ಮಾತ್ರ ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಿಮಗೂ ಅಂಥದೊಂದು ಮನೆಯಿದ್ದು, ಈಗ ಇಲ್ಲವಾಗಿದ್ದರೆ, ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ಚೌಡತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮೊಡನೆಯೇ ಇದ್ದಳು. ಇಪ್ಪತ್ತು ವರ್ಷ ಮಿಲ್ಲಿನಲ್ಲಿ ದುಡಿದು, ಹತ್ತಿಯ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಮನೆ ಸೇರಿದ್ದಳು. ನಮ್ಮವರ ಮದುವೆಗಳಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ಹಾಡು, ಗಂಡಿನ ತಾಯಿಯನ್ನು ರೇಗಿಸುವ ಹಾಡು, ಆರತಿ ಹಾಡು, ಎಲ್ಲ ಅವಳದೇ. ಹಳೆಯ ಹೆಂಗಸರೆಲ್ಲ ಹೋಗಿ, ಅವು ಉಳಿದಿದ್ದದ್ದು ಅವಳ ಬಾಯಲ್ಲಿ ಮಾತ್ರ. ಅಪ್ಪನ ಕೊನೆಯ ತಮ್ಮ, ನನ್ನ ಚಿಕ್ಕಪ್ಪನಿಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಅವನ ಮದುವೆಯಲ್ಲಿ ಹಾಡಿಬಿಟ್ಟರೆ ಸಾಕು ಎನ್ನುತ್ತಿದ್ದಳು. ಮೆಟ್ಟಿಲು ಹತ್ತಿದರೇ ಅವಳಿಗೆ ಉಬ್ಬಸ ಬರುತ್ತಿತ್ತು.

ಚಿಕ್ಕಪ್ಪ ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿದ್ದ. ಅಲ್ಲಿಗೆ ಬಂದಿದ್ದ ಬಿಳಿಯನೊಬ್ಬ ಬಿಟ್ಟುಹೋದ ವಿಡಿಯೊ ಕ್ಯಾಸೆಟ್ ಅವನ ಕೈಗೆ ಸಿಕ್ಕಿತು. ಒಂದು ಭಾನುವಾರ ಬಾಡಿಗೆಗೆ ಟಿ.ವಿ., ಡೆಕ್ ತಂದು, 'ಇಂಗ್ಲಿಷ್ ಪಡ, ಪೂರಾ ಪಾಟ್ಟು', ಸಿನಿಮಾ ತುಂಬ ಹಾಡೇ ಎಂದು ಬೀದಿಗೆಲ್ಲ ಸಾರಿದ. ಮಕ್ಕಳೆಲ್ಲ ಕುಣಿತ ನೋಡಲು ಬಂದು ಕೂತೆವು. ಕುಣಿತವೂ ಇಲ್ಲ, ಮಣ್ಣೂ ಇಲ್ಲ! ಕೆಂಪು ಗೌನಿನ ದಪ್ಪ ಹೆಂಗಸೊಬ್ಬಳು, ಟೋಪಿ ಕೈಯಲ್ಲಿ ಹಿಡಿದ ಗಂಡಸೊಬ್ಬ; ಬಾಯಿ ತೆರೆದರೆ ಹಾಡು. ಅದಕ್ಕೆ ಒಪೆರಾ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವನು ಬಾಗಿಲವರೆಗೆ ಹೋಗುತ್ತಾನೆ, ತಿರುಗುತ್ತಾನೆ, ಹಾಡುತ್ತಾನೆ, ಟೋಪಿ ಹಾಕುತ್ತಾನೆ, ತೆಗೆಯುತ್ತಾನೆ.

"ಹೋಗೋನು ಹೋಗ್ಬೇಕು ತಾನೆ? ಅರ್ಧ ಗಂಟೆ ಆಯ್ತು, ಬಾಗ್ಲಲ್ಲೇ ನಿಂತವ್ನೆ" ಎಂದು ಅಪ್ಪ ಎದ್ದ. ಬೀದಿಯವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಚೌಡತ್ತೆ ಮಾತ್ರ ಗೋಡೆಗೊರಗಿ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. "ನಗಬ್ಯಾಡ ಕಣ್ಣೂ" ಎಂದಳು. "ನಮ್ ಮದುವೇಲೂ ಅಂಗೇ ತಾನೆ? ಒಳಗಿಂದ ಹಸೆಗೆ ಹತ್ತೇ ಅಡಿ. ಅಷ್ಟಕ್ಕೆ ನಾವು ಅರ್ಧ ಗಂಟೆ ಹಾಡಲ್ವಾ? ಹಾಡು ಮುಗೀದೆ ಹೆಣ್ಣು ಎಂಗೆ ಬರ್ತಾಳೆ?" ಆಮೇಲೆ ಆ ಹೆಂಗಸಿನ ಉದ್ದನೆಯ ಹಾಡನ್ನು ಹಿಂದಕ್ಕೆ ತಿರುಗಿಸಿ ಹಾಕಿಸಿ ಮೂರು ಸಲ ನೋಡಿದಳು. "ಮೂಚ್ಚು ಎಲ್ಲಿ ಎಳ್ಕೋತಾಳೆ ಅಂತಾನೇ ತಿಳೀತಿಲ್ವಲ್ಲ!" ಎಂದು, ಉಸಿರಿಗೆ ಏಗುವ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿದ್ದುದು ಹೊಟ್ಟೆಕಿಚ್ಚು ಎಂದು ನನಗೆ ಈಗ ಅರ್ಥವಾಗುತ್ತದೆ.

"ಇವ್ಳು ಸತ್ತ್ರೂ ಪಾಟ್ಟು ಇರುತ್ತಲ್ವೇನೋ?" ಎಂದು ಚಿಕ್ಕಪ್ಪನನ್ನು ಕೇಳಿದಳು. ಅವಳಿಗೇನು ಬೇಕೆಂದು ಅವನಿಗೆ ತಿಳಿಯಿತು. ಮುಂದಿನ ಭಾನುವಾರ ಗೆಳೆಯನ ಟೇಪ್ ರೆಕಾರ್ಡರ್ ತಂದ. ಚೌಡತ್ತೆ ತಲೆ ಬಾಚಿ, ಕುಂಕುಮವಿಲ್ಲದ ಹಣೆಗೆ ವಿಭೂತಿ ಇಟ್ಟು, ಮದುವೆಮನೆಯಲ್ಲಿ ಕೂರುವಂತೆ ಕಾಲು ಮಡಚಿ ಕೂತಳು. ಉಸಿರೆಳೆದಳು. ಎರಡು ಮಾತು ಬಂದವು, ಕೆಮ್ಮು ಬಂತು. ಮತ್ತೆ ಎಳೆದಳು, ಮತ್ತೆ ಕೆಮ್ಮು. ಹಾಡಿಗಿಂತ ಉಸಿರಿನ ಸದ್ದೇ ಹೆಚ್ಚಾಯಿತು. ಟೇಪನ್ನು ತಿರುಗಿಸಿ ಕೇಳಿಸಿದಾಗ ಮುಖ ತಿರುಗಿಸಿಕೊಂಡಳು. "ಯಾರೋ ಮುದಿ ಕಿಳವಿದು ಇದು. ಅಳಿಸ್ಬಿಡು."

ಆಮೇಲೆ ನನ್ನ ಕೈ ಹಿಡಿದಳು. "ನಾನು ಮಾತು ಹೇಳ್ಕೊಡ್ತೀನಿ, ನೀ ಹಾಡು ಕಣ್ಣೂ. ನಿಂಗೆ ಮೂಚ್ಚು ಐತೆ. ಇವನ ಮದುವೆಗೆ ನಾನು ಇರ್ತೀನೋ ಇಲ್ವೋ."

ನನಗೆ ಹನ್ನೊಂದು ವರ್ಷ. ಬಾಗಿಲಲ್ಲಿ ಶಾಲೆಯ ಗೆಳತಿಯರು ಟೇಪ್ ರೆಕಾರ್ಡರ್ ನೋಡುತ್ತ ನಿಂತಿದ್ದರು. ನಮ್ಮ ಮನೆಮಾತನ್ನು ಅಣಕಿಸಿ ನಗುತ್ತಿದ್ದವರು ಅವರೇ. "ಹೋಗು ಅತ್ತೆ, ಆ ಹಳೇ ಪಾಟ್ಟು ಯಾರಿಗೆ ಬೇಕು" ಎಂದು ಕೈ ಕಿತ್ತುಕೊಂಡೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಟೇಪ್ ಮೇಲೆ ಮಗೂಗೆ ಬೇಕಾದ ಸಿನಿಮಾ ಪಾಟ್ಟು ಹಿಡ್ಕೊಡೋ" ಎಂದು ಚಿಕ್ಕಪ್ಪನಿಗೆ ಹೇಳಿದಳು. ಅವನು ಹಾಗೇ ಮಾಡಿದ. ನಾನು ಇಡೀ ವಾರ ಆ ಟೇಪು ಹಾಕಿಕೊಂಡು ಕುಣಿದೆ. ಎಷ್ಟು ಖುಷಿಯಾಗಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷದ ಮಾರ್ಗಳಿಯ ಚಳಿಯಲ್ಲಿ ಚೌಡತ್ತೆ ಹೋದಳು. ಮೂವತ್ತು ದಾಟಿದ ಮೇಲೆ ನಾನು ಹಟ ಹಿಡಿದು ಕನ್ನಡ ಅಕ್ಷರ ಕಲಿತೆ. ಬರೆಯಲು ಬಂದಾಗ ಹೇಳಿ ಬರೆಸಲು ಅವಳಿರಲಿಲ್ಲ. ಆ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಗೋದಾಮಿದೆ.

ಚಿಕ್ಕಪ್ಪನ ಮದುವೆ ಅವಳು ಹೋದ ಮರುವರ್ಷ ಆಯಿತು. ಅವನು ಹಸೆಯ ಮೇಲೆ ಕೂತ. ಒಳಕೋಣೆಯ ಬಾಗಿಲಲ್ಲಿ ಹೆಣ್ಣು ತಲೆ ತಗ್ಗಿಸಿ ಕರೆಗೆ ಕಾದು ನಿಂತಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮ ನನ್ನ ಬೆನ್ನು ತಟ್ಟಿ, "ಅತ್ತೆ ಜೊತೇಲೇ ಇದ್ಯಲ್ಲ, ಒಂದು ಸಾಲು ಹೇಳೇ" ಎಂದಳು. ಚಿಕ್ಕಪ್ಪ ಹಸೆಯಿಂದ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆದೆ. ಏನೂ ಬರಲಿಲ್ಲ. ಬರುವುದಿಲ್ಲ ಎಂಬುದನ್ನೂ ನಾನು ಅವತ್ತು ತಮಿಳಿನಲ್ಲೇ ಹೇಳಿದೆ. "ತೆರಿಯಾದು" ಎಂದೆ.